ಒರಿಜಿನಲ್ ಇಂಜಿನ್ನಿನ ಅಂಜನಮೂರ್ತಿ

"ಅಂಜನಮೂರ್ತಿ ಕಾರು ಕೆಮ್ಮಿದ್ರೆ ಕಗ್ಗದಾಸಪುರಕ್ಕೆ ಬೆಳಗಾಯ್ತು ಅಂತ ಲೆಕ್ಕ" ಎನ್ನುತ್ತಿದ್ದರು ಅಕ್ಕಪಕ್ಕದವರು. ಎದುರುಮನೆಯ ಚಿಕ್ಕಮುನಿಯಮ್ಮ ಇನ್ನೊಂದು ಮಾತು ಸೇರಿಸುತ್ತಿದ್ದರು: "ಹೆಂಡ್ತಿಗೊಂದು ಶಾಲು ತಂದಿದ್ದು ಕಾಣೆ, ಕಾರಿಗೆ ಮಾತ್ರ ವರ್ಷಕ್ಕೊಂದು ಹೊದಿಕೆ!" ಹೆಂಡತಿ ಯಶೋದಮ್ಮ ಕೇಳಿ ನಗುತ್ತಿದ್ದರು. ಅವರು ಮದುವಣಗಿತ್ತಿಯಾಗಿ ಊರು ಹೊಕ್ಕದ್ದೂ ಅದೇ ಬಿಳಿ ಫಿಯೆಟ್‌ನಲ್ಲಿ. ಎಪ್ಪತ್ನಾಲ್ಕರಲ್ಲಿ ಅಂಜನಮೂರ್ತಿಯ ಅಪ್ಪ ಕೊಂಡ ಕಾರು ಅದು.

ಯಶೋದಮ್ಮ ತೀರಿಕೊಂಡ ಮೇಲೆ ಅಂಜನಮೂರ್ತಿಗೆ ಉಳಿದದ್ದು ಒಂದೇ ಆಸೆ. ಐವತ್ತು ವರ್ಷ ದಾಟಿಯೂ ಹುಟ್ಟಿದ ಹಾಗೇ ಇರುವ ಕಾರಿಗೆ 'ವಿಂಟೇಜ್' ಎಂಬ ಮಾನ್ಯತೆ ಸಿಗುತ್ತದಂತೆ. ಅದು ಸಿಕ್ಕರೆ, ತಾನು ಹೋದ ಮೇಲೂ ಯಾರೂ ಇದನ್ನು ಗುಜರಿಗೆ ಹಾಕುವುದಿಲ್ಲ ಎಂದು ನಂಬಿದ್ದರು.

ಪರೀಕ್ಷೆಗೆ ಬಂದ ಅಧಿಕಾರಿ ಬಾನೆಟ್ ಎತ್ತಿ ನೋಡಿದರು. "ಇಂಜಿನ್ ಒರಿಜಿನಲ್ಲಾ ಯಜಮಾನ್ರೇ?"

"ನೂರಕ್ಕೆ ನೂರು! ಶಿವಾಜಿನಗರದ ಗುಜರಿ ಅಂಗಡಿ ಖಾದರ್ ಭಾಯಿ ಹುಡುಕ್ಕೊಟ್ಟಿದ್ದು. ಡೂಪ್ಲಿಕೇಟ್ ಮುಟ್ಟೋ ಆಸಾಮಿನೇ ಅಲ್ಲ ಅವನು."

ಅಧಿಕಾರಿಯ ಪೆನ್ನು ನಿಂತಿತು. ಗುಜರಿ ಬೀದಿಯಲ್ಲಿ ಒರಿಜಿನಲ್ ಎಂದರೆ ಕಂಪನಿಯ ಮಾಲು, ಬೇರೆ ಕಾರಿನಿಂದ ಬಿಚ್ಚಿದ್ದಾದರೂ ಸರಿ. ಅಧಿಕಾರಿಯ ಲೆಕ್ಕದಲ್ಲಿ ಅದು ಕಾರಿನ ಜೊತೆಗೇ ಹುಟ್ಟಿರಬೇಕು.

"ಹಳೇದೇನಾಯ್ತು?"

ಇಪ್ಪತ್ತು ವರ್ಷದ ಹಿಂದೆ ಚಿಕ್ಕಮುನಿಯಮ್ಮನ ಮಗಳಿಗೆ ಹೆರಿಗೆ ನೋವು. ಹಿಂದಿನ ಸೀಟಿನಲ್ಲಿ ಯಶೋದಮ್ಮ ಅವಳನ್ನು ತಬ್ಬಿ ಕೂತಿದ್ದರು. ದಾರಿಯಲ್ಲಿ ರೇಡಿಯೇಟರ್ ಒಡೆದು ಹೊಗೆಯೆದ್ದಿತು. ನಿಲ್ಲಿಸಿದ್ದರೆ ಇಂಜಿನ್ ಉಳಿಯುತ್ತಿತ್ತು. ಅಂಜನಮೂರ್ತಿ ನಿಲ್ಲಿಸಲಿಲ್ಲ. ಆಸ್ಪತ್ರೆಯ ಗೇಟಿನ ಒಳಗೆ ಬರುತ್ತಲೇ ಇಂಜಿನ್ ಸುಟ್ಟು ಜಾಮ್ ಆಯಿತು. ಒಳಗೆ ಧನುಶ್ರೀ ಹುಟ್ಟಿದಳು.

ಎಲ್ಲ ಕೇಳಿದ ಅಧಿಕಾರಿ ಬಾನೆಟ್ ಮೆಲ್ಲಗೆ ಮುಚ್ಚಿದರು. "ದೊಡ್ಡ ಕೆಲ್ಸ ಮಾಡಿದ್ದೀರಿ. ಆದ್ರೆ ಈ ಫಾರಮ್ಮಲ್ಲಿ ಅದಕ್ಕೆ ಜಾಗ ಇಲ್ಲ."

ಸುದ್ದಿ ತಿಳಿದು ಚಿಕ್ಕಮುನಿಯಮ್ಮ ಸೆರಗು ಬಾಯಿಗಿಟ್ಟುಕೊಂಡು ಬಂದರು. "ನಮ್ಮಿಂದ ನಿನ್ನ ಕಾರಿನ ಮಾನ ಹೋಯ್ತಲ್ಲಪ್ಪಾ."

"ಏ, ಬಿಡಕ್ಕಾ. ಇಂಜಿನ್ ಶಿವಾಜಿನಗರದಲ್ಲಿ ಸಿಗುತ್ತೆ."

ಅಂದರು, ನಿಜ. ಆದರೆ ಆಮೇಲೆ ಬೆಳಗಿನ ಹೊತ್ತು ಕಾರು ಕೆಮ್ಮುವುದು ಕಡಿಮೆಯಾಯಿತು.

ಆಷಾಢದ ಒಂದು ಬೆಳಿಗ್ಗೆ ಅವರಿಗೆ ಎದೆ ಹಿಡಿಯಿತು. ಆಂಬುಲೆನ್ಸ್ ರೈಲ್ವೆ ಗೇಟಿನ ಆಚೆ ಸಿಕ್ಕಿಕೊಂಡಿತ್ತು. ಧನುಶ್ರೀಗೆ ಗಾಡಿ ಓಡಿಸಲು ಕಲಿಸಿದ್ದು ಅವರೇ. ಅವಳು ಮೊಳೆಗೆ ನೇತುಹಾಕಿದ್ದ ಕೀ ಕಿತ್ತುಕೊಂಡು ಓಡಿದಳು. ಚಿಕ್ಕಮುನಿಯಮ್ಮ ಹಿಂದಿನ ಸೀಟಿನಲ್ಲಿ ಅವರನ್ನು ಒರಗಿಸಿಕೊಂಡು ಕೂತರು.

"ಧನು... ಚೋಕ್ ಎಳ್ಕೊ. ಕೀ ನಿನ್ನತ್ರಾನೇ ಇರ್ಲಿ."

"ಇರುತ್ತೆ ತಾತ. ಗುಜರಿಗೆ ಬಿಡಲ್ಲ. ಮಾತಾಡ್ಬೇಡಿ ಈಗ."

ಕಾರು ಕೆಮ್ಮಿತು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಅಂಜನಮೂರ್ತಿ ಆ ಮನೆಯಿಂದ ಹೊರಟದ್ದು ಅದೇ ಕಡೆಯ ಸಲ.