ಹನ್ನೊಂದು ರೂಪಾಯಿಯ ದುರ್ಬೀನು

ಹನ್ನೊಂದು ರೂಪಾಯಿ ಕೊಟ್ಟಿದ್ದೆ. ಚಿಕ್ಕಪೇಟೆಯ ಫುಟ್‌ಪಾತಿನವನು ನಲವತ್ತು ಅಂದಿದ್ದ. ನಾನು ಮೂರು ಸಲ ಎದ್ದು ಹೋದೆ. ಎರಡು ಸಲ ಅವನೇ ಕರೆದ, ಮೂರನೆಯ ಸಲ ಕರೆಯಲಿಲ್ಲವಾದ್ದರಿಂದ ನಾನೇ ಏನೋ ಮರೆತವನ ಹಾಗೆ ವಾಪಸ್ಸು ಬಂದು ಹನ್ನೊಂದಕ್ಕೆ ಮುಗಿಸಿದೆ. ದುರ್ಬೀನು ಕೊಳ್ಳುವಂಥ ಶೋಕಿ ನನ್ನದಲ್ಲ. ಹೆಂಡತಿಯ ಒಂದು ಸಂಕಟವನ್ನು ಎಷ್ಟು ಅಗ್ಗದಲ್ಲಿ ತೀರಿಸಬಹುದು ಎಂದು ಯೋಚಿಸಿ ಯೋಚಿಸಿ ಕೊಂಡದ್ದು.

ಮೊನ್ನೆ ಅಜ್ಜಂಪುರದ ಮನೆಯ ಅಟ್ಟ ಖಾಲಿ ಮಾಡಿಸುವಾಗ ಹಳೆಯ ಗೋಣಿಚೀಲಗಳ ಮಧ್ಯದಿಂದ ಅದು ಉರುಳಿ ಬಿತ್ತು. ಚರ್ಮದ ಪಟ್ಟಿಗೆ ಇನ್ನೂ ಈರುಳ್ಳಿಯ ಘಾಟು. ಕೆಳಗೆ ತಕ್ಕಡಿ ಹಿಡಿದು ನಿಂತಿದ್ದ ಗುಜರಿಯವನು ಒಂದು ಕಡೆಯಿಂದ ಇಣುಕಿದ, ಇನ್ನೊಂದು ಕಡೆಯಿಂದ ಇಣುಕಿದ. "ಏನ್ ಯಜಮಾನ್ರೇ, ಇದ್ರ ಒಂದ್ ಕಣ್ಣು ಹೋಗ್ಬಿಟ್ಟೈತಲ್ಲ" ಅಂದ.

ಆ ಕಣ್ಣು ಕೊಂಡ ದಿನವೇ ಹೋಗಿತ್ತು. ಫುಟ್‌ಪಾತಿನವನು ದುರ್ಬೀನನ್ನು ನನ್ನ ಕೈಗೆ ಕೊಡುವಾಗಲೇ, "ಎಡಗಣ್ಣು ಮುಚ್ಕೊಂಡು ನೋಡಿ ಸಾರ್, ಮಿಲಿಟ್ರಿಯೋರು ಹಂಗೇ ನೋಡೋದು" ಅಂದಿದ್ದ. ಕೋಣ ಕಣ್ಣು ಬಿಟ್ಟ ಹಾಗೆ ಎರಡೂ ಕಣ್ಣು ಬಿಟ್ಟು ನೋಡುವುದು ಹಳ್ಳಿಯವರ ಲಕ್ಷಣ ಎಂದುಕೊಂಡು ನಾನು ಮಿಲಿಟರಿಯವರಂತೆಯೇ ನೋಡಿದ್ದೆ.

ಎಪ್ಪತ್ತರ ದಶಕದಲ್ಲಿ ನನ್ನದು ಗೋಣಿಚೀಲದ ವ್ಯಾಪಾರ. ಬೆಂಗಳೂರಿನ ತರಗುಪೇಟೆಯಲ್ಲಿ ಬಳಸಿ ಬಿಟ್ಟ ಚೀಲಗಳನ್ನು ಕಟ್ಟುಗಟ್ಟಲೆ ಕೊಂಡು, ತೂತಿಗೆ ಹೊಲಿಗೆ ಹಾಕಿಸಿ, ನಮ್ಮೂರ ಈರುಳ್ಳಿ ಬೆಳೆಗಾರರಿಗೂ ಕಡೂರು, ತರೀಕೆರೆಯ ಅಂಗಡಿಯವರಿಗೂ ಮಾರುತ್ತಿದ್ದೆ. ತಿಂಗಳಿಗೊಮ್ಮೆ ಪ್ಯಾಸೆಂಜರ್ ರೈಲು ಹತ್ತಬೇಕು. ಚೀಲ ಕಟ್ಟಿಸಿ ರೈಲಿಗೆ ಹಾಕುವವರೆಗೆ ಅರ್ಧ ದಿನ ಪುರಸೊತ್ತು. ಹೋಟೆಲಿನಲ್ಲಿ ಕೂತರೆ ಖರ್ಚು, ಸಿನಿಮಾಕ್ಕೆ ಹೋದರೆ ಇನ್ನೂ ಖರ್ಚು. ಹಾಗಾಗಿ ಬೆಂಗಳೂರನ್ನು ಎತ್ತರದಿಂದ ನೋಡುವ ಚಟ ಹತ್ತಿತು. ಬಸ್ಸಿನ ಚಾರ್ಜು ಬಿಟ್ಟರೆ ಅದಕ್ಕೆ ದುಡ್ಡು ಕೇಳುವವರಿರಲಿಲ್ಲ.

ಎರಡು ಅಂತಸ್ತಿನ ಬಸ್ಸಿನಲ್ಲಿ ಮೇಲುಗಡೆ ಮುಂದಿನ ಸೀಟು ಹಿಡಿದರೆ, ಸೌದೆ ಗಾಡಿಯ ತುದಿಯಲ್ಲಿ ಕೂತಂತೆ ಊರೆಲ್ಲ ನಮ್ಮ ಕಾಲ ಕೆಳಗೆ ಹರಿಯುತ್ತದೆ. ಎಂ.ಜಿ. ರೋಡಿನಲ್ಲಿ ಹೊಸದಾಗಿ ಎದ್ದಿದ್ದ ಒಂದು ಭಾರಿ ಕಟ್ಟಡಕ್ಕೆ ಹೋಗಿ, ಕಂಕುಳಲ್ಲಿ ಒಂದು ಫೈಲು ಇಟ್ಟುಕೊಂಡು ಗಂಭೀರವಾಗಿ ಮುಖ ಮಾಡಿದರೆ ಲಿಫ್ಟಿನವನು ಏನೂ ಕೇಳದೆ ಮೇಲಕ್ಕೆ ಬಿಡುತ್ತಿದ್ದ. ಫೈಲಿನಲ್ಲಿ ಇರುತ್ತಿದ್ದುದು ಮಂಡಕ್ಕಿ. ಅಜ್ಜಂಪುರದ ಚಾವಡಿಯಲ್ಲಿ ಕೂತು ಇದನ್ನೆಲ್ಲ ವರ್ಣಿಸುತ್ತಿದ್ದರೆ ಜನ ಬೆಂಗಳೂರಿಗೆ ಹೊರಡುವ ಮುಂಚೆ ನನ್ನನ್ನು ಕೇಳಿ ಹೋಗುವಷ್ಟಾಯಿತು. ಅವರು ಕೇಳದಿದ್ದರೂ ನಾನು ಹೇಳುತ್ತಿದ್ದೆ.

ಹೀಗಿರುವಾಗ ಯಗಟಿಯ ಕಡೆಯ ಹೆಣ್ಣು ಶಾಂತಳೊಂದಿಗೆ ನನ್ನ ಮದುವೆಯಾಯಿತು. ಅವಳು ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. "ಒಂದ್ಸಲ ಬೆಂಗ್ಳೂರಿಗೆ ಕರ್ಕೊಂಡ್ ಹೋಗಿ. ಎತ್ತರದ್ ಜಾಗದಿಂದ ನೋಡ್ಬೇಕು" ಅಂದಳು. ಎಂಥ ಹೆಂಡತಿ ಸಿಕ್ಕಳು ನೋಡಿ ಎಂದು ನಾನು ಮೀಸೆಯಡಿ ನಕ್ಕೆ. ಏನನ್ನು ನೋಡಬೇಕು ಎಂದು ಕೇಳಬೇಕಿತ್ತು, ಕೇಳಲಿಲ್ಲ. ಚೀಲ ಕೊಳ್ಳುವಾಗ ಒಳಗೆ ಕೈಹಾಕಿ ಮೂಲೆ ಮೂಲೆ ತಡವುವ ಮನುಷ್ಯ ನಾನು.

ಕರೆದುಕೊಂಡು ಹೋದೆ. ಬಸ್ಸಿನ ಮೇಲಂತಸ್ತು ತೋರಿಸಿದೆ. ಲಿಫ್ಟು ಹತ್ತಿಸಿದೆ; ಅವತ್ತು ಮೇಲಿನ ಕಿಟಕಿಗೆ ಸುಣ್ಣ ಬಳಿಯುವವರ ಗೋಣಿತಾಟು ಕಟ್ಟಿದ್ದರಿಂದ ಕಂಡದ್ದು ಗೋಣಿತಾಟೇ. ಅದರ ನೇಯ್ಗೆ ಎಂಥದು, ಎಷ್ಟಕ್ಕೆ ಸಿಗುತ್ತದೆ ಎಂದು ವಿವರಿಸಿದೆ. ಅವಳು ಹೋದಲ್ಲೆಲ್ಲ ಒಂದೇ ಮಾತು: "ಲಾಲ್‌ಬಾಗ್ ಬಂಡೆ ಯಾವ್ ಕಡೆ ಬತ್ತದೆ?"

"ಬಂಡೆ ನೋಡಕ್ಕೆ ಬೆಂಗ್ಳೂರಿಗೆ ಬರ್ಬೇಕೇನೇ? ನಿಮ್ ಯಗಟೀಲಿ ಬಂಡೆ ಬಿಟ್ರೆ ಇನ್ನೇನೈತೆ?" ಅಂದೆ. ನನ್ನ ಮಾತಿಗೆ ನಾನೇ ನಕ್ಕೆ. ಅವಳು ಮತ್ತೆ ಕೇಳಲಿಲ್ಲ. ಮೂರು ಸಲಕ್ಕೆ ಮಾತು ಮುಗಿಯಿತೆಂದರೆ ನಾನು ಗೆದ್ದೆ ಎಂದೇ ನನ್ನ ವ್ಯಾಪಾರದ ತಿಳಿವಳಿಕೆ.

ಮಾರನೆಯ ಬೆಳಗ್ಗೆ ವಾಪಸ್ಸು ಬರುವ ರೈಲಿನಲ್ಲಿ ತುಮಕೂರು ದಾಟಿತು, ತಿಪಟೂರು ದಾಟಿತು, ಅವಳ ಮುಖ ಕಿಟಕಿಯ ಕಡೆಗೇ. ಅರಸೀಕೆರೆಯಲ್ಲಿ ಕಾಫಿ ತಂದುಕೊಟ್ಟೆ. ಅವಳು ಕೇಳದೆಯೇ ನಾನು ಕಾಫಿ ತಂದದ್ದು ಅದೇ ಮೊದಲು. ಅದಕ್ಕೇ ಇರಬೇಕು, ಅವಳು ಬಾಯಿ ಬಿಟ್ಟಳು.

ಅವಳಿಗೊಬ್ಬಳು ಅಕ್ಕ, ಗಿರಿಜ. ಕಡೂರಿನಲ್ಲಿ ಟೀಚರಾಗಿದ್ದಳು. ಬೇರೆ ಜಾತಿಯ, ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವನನ್ನು ಮದುವೆಯಾಗಿ ಬೆಂಗಳೂರಿಗೆ ಹೊರಟುಹೋಗಿದ್ದಳು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಇದು: ಅವಳು ಮನೆ ಬಿಟ್ಟ ವಾರವೇ ನನ್ನ ಮಾವನವರು ಹೆಂಡತಿ ಮತ್ತು ಕಿರಿಮಗಳ ಕೈಯಲ್ಲಿ ವಿಭೂತಿ ಗಟ್ಟಿ ಮುಟ್ಟಿಸಿ, ಗಿರಿಜಳ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿಸಿದ್ದರು. ಆಮೇಲೆ ಗೆಳತಿಯೊಬ್ಬಳ ಕೈಲಿ ಗಿರಿಜ ಒಂದೇ ಒಂದು ಕಾಗದ ಕಳಿಸಿದ್ದಳು. ನಮ್ಮ ತಾರಸಿಗೆ ನೀಲಿ ಕಟ್ಟೆ ಇದೆ, ಅಲ್ಲಿ ನಿಂತರೆ ಲಾಲ್‌ಬಾಗಿನ ಬಂಡೆ ಎದುರಿಗೇ ಕಾಣುತ್ತದೆ, ಸಂಜೆ ನಾನು ಅದನ್ನೇ ನೋಡುತ್ತಿರುತ್ತೇನೆ ಎಂದು.

"ತುಳಿಯಲ್ಲ ಅಂತ ಮುಟ್ಟಿದೀನಿ" ಅಂದಳು ಶಾಂತ, ಲೋಟ ಕೆಳಗಿಟ್ಟು. "ನೋಡಲ್ಲ ಅಂತ ಮುಟ್ಟಿಲ್ವಲ್ಲ."

ನಮ್ಮಿಬ್ಬರಲ್ಲಿ ವ್ಯಾಪಾರಿ ಯಾರು ಎಂಬುದು ಅವತ್ತೇ ನನಗೆ ಗೊತ್ತಾಗಬೇಕಿತ್ತು.

ಮುಂದಿನ ತಿಂಗಳು ಮತ್ತೆ ಹೊರಟೆವು. ದುರ್ಬೀನು ಕೊಂಡದ್ದು ಆಗಲೇ. ಮಧ್ಯಾಹ್ನ ಬಂಡೆ ಹತ್ತಿ, ಮಿಲಿಟರಿಯವರಂತೆ ಎಡಗಣ್ಣು ಮುಚ್ಚಿ, ಅರ್ಧ ಗಂಟೆ ತಾರಸಿಗಳನ್ನು ಹುಡುಕಿದೆ. "ಸಿಕ್ತು ಕಣೇ, ನೀಲಿ ಕಟ್ಟೆ. ಒಬ್ರು ಬಟ್ಟೆ ಒಣಗಾಕ್ತಾವ್ರೆ" ಅಂದೆ. ಶಾಂತ ದುರ್ಬೀನು ಕಿತ್ತುಕೊಂಡಳು. ಕಣ್ಣೀರು ತುಂಬಿದ ಕಣ್ಣಿಗೆ ಒಳ್ಳೆಯ ದುರ್ಬೀನಿನಲ್ಲೂ ಏನು ಕಂಡೀತು. ಹೊದ್ದು ಬಂದಿದ್ದ ಕೆಂಪು ಶಾಲು ತೆಗೆದು ಎರಡೂ ಕೈಯಲ್ಲಿ ಬೀಸಿದಳು. ಅಲ್ಲಿದ್ದ ಹೆಂಗಸೂ ಸ್ವಲ್ಪ ತಡೆದು ಕೈ ಬೀಸಿದರು.

"ಅಕ್ಕ ಇಲ್ಲಿಗೇ ಬರ್ಲಿ ಅಂತ ಹೇಳಿ ಬನ್ನಿ" ಅಂದಳು. "ನೀವ್ ಮುಟ್ಟಿಲ್ವಲ್ಲ ವಿಭೂತಿ."

ದಿಕ್ಕು ನೋಡಿಕೊಂಡು ಇಳಿದು, ಗೇಟು ದಾಟಿ, ಗಲ್ಲಿ ಗಲ್ಲಿ ತಿರುಗಿ ಆ ಮನೆ ಹಿಡಿದೆ. ಬಾಗಿಲು ತೆಗೆದವರು ಅರವತ್ತು ದಾಟಿದ ಒಬ್ಬ ತಮಿಳು ಅಜ್ಜಿ. "ಯಾರೋ ಪಾಪ ಬಂಡೆ ಮೇಲಿಂದ ಕೆಂಪು ಬಟ್ಟೆ ಆಡಿಸ್ತಾ ಇದ್ರು, ನಾನೂ ಕೈ ಆಡಿಸಿದೆ" ಅಂದರು. ಕಟ್ಟೆಯ ಬಣ್ಣ ಹಸಿರು. ಗಿರಿಜಾ ಟೀಚರ್ ಮನೆ ಹಿಂದಿನ ಬೀದಿಯಲ್ಲಿ ಎಂದು ಅವರೇ ತೋರಿಸಿದರು.

ಗಿರಿಜಕ್ಕ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದರು. "ಅಪ್ಪ ಕಳಿಸಿದ್ರಾ?"

ಸುಳ್ಳು ಹೇಳಿದ್ದರೆ ಮಾತು ಬೇಗ ಕುದುರುತ್ತಿತ್ತು. ಯಾಕೋ ಬಾಯಿ ಬರಲಿಲ್ಲ. "ಇಲ್ಲ ಅಕ್ಕೋರೇ" ಅಂದೆ.

"ನನ್ ಮನೆಗ್ ಬರಕ್ಕಾಗದ ತಂಗೀನ ನಾನ್ಯಾಕೆ ಹೋಗಿ ನೋಡ್ಲಿ? ನನಗೇನು ಮಾನ ಇಲ್ವಾ?"

ನ್ಯಾಯವಾದ ಮಾತು. ಎದ್ದು ಹೋಗುವ ನನ್ನ ಹಳೆಯ ಉಪಾಯ ಇಲ್ಲಿ ನಡೆಯುವಂತಿರಲಿಲ್ಲ. ಹೋದರೆ ಯಾರೂ ಕರೆಯುತ್ತಿರಲಿಲ್ಲ. ನಿಂತೇ ಇದ್ದೆ. ಕಡೆಗೆ, "ಅವಳು ನಿಮ್ ಹೊಸ್ತಿಲು ತುಳಿಯಂಗಿಲ್ಲ, ನಿಜ. ಆದ್ರೆ ನಿಮ್ ಹೊಸ್ತಿಲು ನೀವು ದಾಟ್ಬೋದಲ್ಲ. ಬಂಡೆಗೆ ಹೊಸ್ತಿಲೇ ಇಲ್ಲ ಅಕ್ಕೋರೇ, ಅದು ಯಾರ್ ಮನೇನೂ ಅಲ್ಲ" ಅಂದೆ.

ಅವರು ನನ್ನ ಕೊರಳಲ್ಲಿದ್ದ ದುರ್ಬೀನು ನೋಡಿದರು. "ಅದ್ಯಾಕೆ?"

"ನಿಮ್ಮನ್ ಹುಡ್ಕಕ್ಕೆ. ಪಕ್ಕದ್ ಬೀದಿ ಅಜ್ಜಿ ಸಿಕ್ಕಿದ್ರು."

ಆಗ ನಕ್ಕುಬಿಟ್ಟರು. ಒಲೆಯ ಮೇಲಿದ್ದುದನ್ನು ಇಳಿಸಿ, ಮನೆಯ ಚಪ್ಪಲಿಯಲ್ಲೇ ಹೊರಟರು. ನನಗಿಂತ ಮುಂದೆ.

ಬಂಡೆಯ ಮೇಲೆ ಅಕ್ಕತಂಗಿಯರು ಏನೇನು ಮಾತಾಡಿಕೊಳ್ಳುತ್ತಾರೋ ಎಂದು ನಾನು ಮರ್ಯಾದೆಯಿಂದ ದೂರ ಕೂತೆ. ಕೇಳಿಸಿದ್ದು ಇಷ್ಟೇ: "ಕೂದ್ಲು ಇಷ್ಟೇನಾ ಉಳ್ದಿರೋದು? ಎಣ್ಣೆ ಹಾಕಲ್ವೇನೇ?" ಎರಡು ವರ್ಷ ಕಾದ ಮಾತು ಎಣ್ಣೆಯಿಂದ ಶುರುವಾಗಿ ಸಂಜೆಯವರೆಗೂ ನಡೆಯಿತು. ನಾನು ಮಂಡಕ್ಕಿ ಮುಗಿಸಿದೆ.

ಅಲ್ಲಿಂದ ವರ್ಷಕ್ಕೆ ಎರಡು ಸಲ ಬಂಡೆ ನಮ್ಮ ಬೀಗರ ಮನೆಯಾಯಿತು. ಮಾವನವರಿಗೆ ಇದು ಹೇಗೆ ತಿಳಿಯಿತೋ, ಬಾಯಿಬಿಟ್ಟು ಏನೂ ಅನ್ನಲಿಲ್ಲ. ಎಂಬತ್ತರ ದಶಕ ಹಿಡಿದಿತ್ತು. ಒಂದು ದಿನ ಅಂಗಡಿಗೆ ಬಂದು ಚೀಲಗಳ ಮೇಲೆ ಕೂತರು. ಮಳೆ ವಿಚಾರ ಆಯಿತು, ಕುರಿ ವಿಚಾರ ಆಯಿತು. ಏಳುವಾಗ, "ಏನಪ್ಪಾ, ಆ ಬಂಡೆ ಹತ್ತಕ್ಕೆ ಮೆಟ್ಲು ಅವಾ?" ಅಂದರು.

"ಇಲ್ಲ ಮಾವ. ಇಳಿಜಾರು ಐತೆ. ಮಂಡಿಗೇನೂ ತೊಂದ್ರೆ ಇಲ್ಲ" ಅಂದೆ.

ಮತ್ತೆ ಆ ಮಾತೆತ್ತಲಿಲ್ಲ. ಮುಂದಿನ ಸಲ ನಾವು ಸ್ಟೇಷನ್ನಿಗೆ ಹೋದರೆ, ಒಗೆದ ಪಂಚೆಯುಟ್ಟು, ಕೈಯಲ್ಲಿ ಒಂದು ಚೀಲ ತೆಂಗಿನಕಾಯಿ ಹಿಡಿದು, ನಮಗಿಂತ ಮೊದಲೇ ಬಂದು ನಿಂತಿದ್ದರು. ಟಿಕೆಟ್ಟೂ ತಾವೇ ತೆಗೆದಿದ್ದರು.

ಮೊನ್ನೆ ಗುಜರಿಯವನು ದುರ್ಬೀನಿಗೆ ಇಪ್ಪತ್ತು ಅಂದ. ಒಳಗಿನಿಂದ ಶಾಂತ, "ಕೊಟ್ಬಿಡಿ ಅತ್ಲಾಗೆ. ಅದ್ರಲ್ಲಿ ಕಂಡಿದ್ದೇನು, ಆ ಅಜ್ಜಿ ತಾನೆ?" ಅಂದಳು. ಅವಳು ಅಕ್ಕನೊಂದಿಗೆ ಫೋನಿನಲ್ಲಿದ್ದಳು. ಆ ಕಡೆಯಿಂದಲೂ ನಗು ಕೇಳಿಸಿತು. ಇಪ್ಪತ್ತು ಮೂವತ್ತಾಯಿತು. ಕೊಂಡ ಬೆಲೆಗಿಂತ ಹೆಚ್ಚಿಗೆ ಬರುವ ಮಾಲನ್ನು ನಾನು ಆಯುಷ್ಯದಲ್ಲಿ ಮೊದಲ ಸಲ ಮಾರದೆ ವಾಪಸ್ಸು ಅಟ್ಟಕ್ಕೆ ಹಾಕಿಸಿದೆ. ಗುಜರಿಯವನು ನನಗೆ ವಯಸ್ಸಾಯಿತು ಎಂದುಕೊಂಡಿರಬೇಕು.

ಇನ್ನು ನಿಮಗೆ ಉಪಯೋಗಕ್ಕೆ ಬರುವ ಮಾತು. ಬೆಂಗಳೂರನ್ನು ಅಗ್ಗದಲ್ಲಿ ಎತ್ತರದಿಂದ ನೋಡಬೇಕೆಂದಿದ್ದರೆ ಕಟ್ಟಡಗಳನ್ನು ನಂಬಬೇಡಿ, ಬಂಡೆಯನ್ನೇ ಹತ್ತಿ. ಈಗ ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ನೀಲಿ ಕಟ್ಟೆ ಕಾಣುವುದಿಲ್ಲ, ಅದಿರಲಿ. ಬಿಸಿಲು ಇಳಿದ ಮೇಲೆ ಹೋಗಿ, ಕೂರಲು ಒಂದು ಗೋಣಿಚೀಲ ಒಯ್ಯಿರಿ. ದುರ್ಬೀನು ಬೇಡ; ಕೊಳ್ಳಲೇಬೇಕೆಂದರೆ ಎರಡೂ ಕಣ್ಣು ಬಿಟ್ಟು ನೋಡಿ ಕೊಳ್ಳಿ. ಜೊತೆಗೆ ಬಂದವರು ಏನು ನೋಡಬೇಕೆಂದಿದ್ದಾರೆ ಎಂದು ಹೊರಡುವ ಮೊದಲೇ ಕೇಳಿ, ಅದಕ್ಕೆ ಟಿಕೆಟ್ಟಿಲ್ಲ. ವಯಸ್ಸಾದವರಿದ್ದರೆ ಬುಡದಲ್ಲೇ ಚಪ್ಪಲಿ ಬಿಚ್ಚಿಸಿ, ಬಂಡೆ ಜಾರುತ್ತದೆ. ಅರ್ಧದವರೆಗೆ ನೀವು ಕೈ ಹಿಡಿದು ಕರೆದುಕೊಂಡು ಹೋಗಿ. ಆಮೇಲೆ ಬಿಟ್ಟುಬಿಡಿ, ಚಪ್ಪಲಿ ಕಾಯುತ್ತ ಪಕ್ಕಕ್ಕೆ ನಿಂತುಕೊಳ್ಳಿ. ಮಿಕ್ಕ ಅರ್ಧಕ್ಕೆ, ಮೇಲೆ ಕಾದು ಕೂತವರು ಇಳಿದು ಬಂದು ಕೈ ಹಿಡಿಯಲಿ.