ಮೂಲೆ ಕಂಡರಾಗದ ಓರೆ ಮೇಸ್ತ್ರಿ

ಮೂಲೆ ಕಂಡರೆ ಓರೆ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಹುಟ್ಟಿನಿಂದ ಬಂದ ರೋಗವಲ್ಲ ಬಿಡಿ, ಹಡಗು ಕಟ್ಟುವ ಯಾರ್ಡಿನಲ್ಲಿ ಅಂಟಿಕೊಂಡದ್ದು.

ಆತ ಯುದ್ಧದ ಹಡಗಿನ ಗೋಡೆಗೆ ಉಕ್ಕಿನ ಹಾಳೆ ಕೂಡಿಸುವ ಮೇಸ್ತ್ರಿ. ಹಳೆಯ ಹಡಗುಗಳ ಗೋಡೆ ಮೇಲೆ ಹೋದಂತೆ ಹೊರಕ್ಕೆ ಚಾಚುತ್ತಿತ್ತು. ಈಗಿನವು ನೀರಿನಿಂದ ಏಳುತ್ತಲೇ ಒಳಕ್ಕೆ ವಾಲುತ್ತವೆ, ದೊಡ್ಡದೊಂದು ಇಸ್ತ್ರಿಪೆಟ್ಟಿಗೆಯನ್ನು ಸಮುದ್ರಕ್ಕೆ ಬಿಟ್ಟ ಹಾಗೆ. ಕಾರಣ ಇಷ್ಟೇ: ಶತ್ರುವಿನ ರಾಡಾರ್ ಕಳಿಸಿದ ಅಲೆ ಮೂಲೆಗೆ ಬಡಿದರೆ ಬಂದ ದಾರಿಯಲ್ಲೇ ವಾಪಸು ಹೋಗಿ ಚಾಡಿ ಹೇಳುತ್ತದೆ. ಓರೆ ಗೋಡೆಗೆ ಬಡಿದರೆ ಆಕಾಶಕ್ಕೋ ಎಲ್ಲಿಗೋ ಜಾರಿಹೋಗುತ್ತದೆ. ಅಷ್ಟು ದೊಡ್ಡ ಹಡಗು ರಾಡಾರಿನ ಪರದೆಯ ಮೇಲೆ ಪುಟ್ಟ ದೋಣಿಯಷ್ಟೂ ಕಾಣುವುದಿಲ್ಲ.

ಇದನ್ನು ಯಾರ್ಡಿನಲ್ಲೇ ಬಿಟ್ಟು ಮನೆಗೆ ಬಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಮಹಾರಾಯ ಮನೆಗೂ ತಂದ. ಊಟದ ಮೇಜಿನ ಮೂಲೆಗಳನ್ನು ಗರಗಸದಿಂದ ಕೊಯ್ದ. ಬೀರುವಿನ ಮುಂದಿನ ಕಾಲು ಕತ್ತರಿಸಿ ವಾಲಿಸಿದ. ಬಾಗಿಲು ತೆಗೆದರೆ ಸೀರೆಗಳೆಲ್ಲ ತಾವೇ ಹೊರಗೆ ಬಂದು ಬೀಳುತ್ತಿದ್ದವು. ಗೋಡೆಯ ಫೋಟೋಗಳ ಮೂಲೆಗಳನ್ನೂ ಕತ್ತರಿಯಿಂದ ಸವರಿದ. ಮದುವೆಯ ಫೋಟೋದಲ್ಲಿ ಹೆಂಡತಿಯ ಒಂದು ಮೊಣಕೈ ಹಾಗೆಯೇ ಹೋಯಿತು.

"ಅಲ್ಲಾ ರೀ, ನಮ್ಮನೇನ ಯಾವ ಶತ್ರು ಹುಡುಕ್ತಾ ಇದಾನೆ?" ಎಂದು ಅವಳು ಕೇಳಿದರೆ, "ಹೇಳಕ್ಕಾಗಲ್ಲ ಕಣೇ" ಎನ್ನುತ್ತಿದ್ದ.

ಇಂಥವನಿಗೆ ಎಂಥ ಅಳಿಯ ಸಿಗಬೇಕು ಹೇಳಿ? ಮಗಳು ಮೆಚ್ಚಿ ಮದುವೆಯಾದದ್ದು ಅದೇ ಯಾರ್ಡಿನ ತಗಡಿನ ಶೆಡ್ಡಿನವನನ್ನು. ಅವನ ಕೆಲಸವೇ ಮೂಲೆ ಮಾಡುವುದು! ಯುದ್ಧವಿಲ್ಲದ ದಿನಗಳಲ್ಲಿ ಕಾಣದ ಹಡಗಿಗೆ ಬೇರೆ ಹಡಗು ಬಂದು ಗುದ್ದಿದರೆ ಏನು ಗತಿ? ಅದಕ್ಕೇ ಮೂರು ತಗಡುಗಳನ್ನು ಕೋಣೆಯ ಮೂಲೆಯಂತೆ ನೇರಾನೇರ ಕೂಡಿಸಿ ಕಂಬಕ್ಕೆ ನೇತುಹಾಕುತ್ತಾರೆ. ಅಷ್ಟು ಸಾಕು, ಹಡಗು ರಾಡಾರಿನಲ್ಲಿ ಢಾಳಾಗಿ ಕಾಣುತ್ತದೆ.

"ನಾನು ಬೆವರು ಸುರಿಸಿ ಬಚ್ಚಿಟ್ಟಿದ್ದನ್ನ ಇವನು ಮೂರು ತಗಡಲ್ಲಿ ಊರಿಗೆಲ್ಲ ಡಂಗುರ ಹೊಡೀತಾನಲ್ಲಾ! ಇವನ ಮನೆ ಹೊಸಿಲು ತುಳಿಯಲ್ಲ ನಾನು" ಎಂದು ಮೇಸ್ತ್ರಿ ಪಟ್ಟು ಹಿಡಿದ. ಮೊಮ್ಮಗಳು ಹುಟ್ಟಿದಾಗಲೂ ಹೋಗಲಿಲ್ಲ. ಹೋಗಬೇಕೆಂದು ಜೀವ ಹಾತೊರೆಯುತ್ತಿತ್ತು, ಆಡಿದ ಮಾತು ಅಡ್ಡ ನಿಂತಿತ್ತು. ಮಗಳು ಕೂಸಿನ ಫೋಟೋ ಕಳಿಸಿದಳು. ಅಭ್ಯಾಸಬಲದಿಂದ ಕತ್ತರಿ ತೆಗೆದುಕೊಂಡ. ನೋಡಿದರೆ ಕೂಸಿನ ಮುಷ್ಟಿ ಸರಿಯಾಗಿ ಮೂಲೆಯಲ್ಲೇ ಇತ್ತು. ಕತ್ತರಿ ಆಡಲಿಲ್ಲ. ಫೋಟೋವನ್ನು ಯಾರಿಗೂ ಹೇಳದೆ ಅಂಗಿಯ ಜೇಬಿಗೆ ಹಾಕಿಕೊಂಡ.

ಹೊಸ ಹಡಗನ್ನು ಮೊದಲ ಸಲ ಸಮುದ್ರಕ್ಕಿಳಿಸಿ ಪರೀಕ್ಷಿಸುವ ದಿನ ಬಂತು. ಮೇಸ್ತ್ರಿಯೂ ಹಡಗಿನಲ್ಲಿದ್ದ. ತನ್ನ ಹಡಗು ಯಾರಿಗೂ ಕಾಣಿಸದೆ ಹೋಗಿ ಬರಬೇಕು, ಅಳಿಯನ ಮೂತಿ ನೋಡಬೇಕು ಎಂಬ ಒಂದೇ ಆಸೆ. ಹೊರಡುವ ಮೊದಲು ಏನು ಮಾಡಿದ ಗೊತ್ತೇ? ಕಂಬ ಹತ್ತಿ ಅಳಿಯನ ತಗಡು ಬಿಚ್ಚಿ, ತನ್ನ ಶೆಡ್ಡಿನಲ್ಲಿಟ್ಟು ಬೀಗ ಜಡಿದು ಬಂದ. ಮಾಡಬಾರದ್ದು ಮಾಡುವಾಗ ಮನುಷ್ಯನಿಗೆ ಎಲ್ಲಿಲ್ಲದ ಚುರುಕು!

ಸಮುದ್ರದ ನಡುವೆ ಮಂಜು ಕವಿಯಿತು. ಅದೇ ಹೊತ್ತಿಗೆ ಎಂಜಿನ್ ಕೆಮ್ಮಿ ನಿಂತಿತು. ದೀಪ, ನಕ್ಷೆ ತೋರಿಸುವ ಯಂತ್ರ, ಎಲ್ಲ ಆರಿಹೋದವು. ಹೊಸ ಹಡಗಿನ ಸೈರನ್ನಿಗೂ ಕರೆಂಟೇ ಬೇಕಂತೆ. ಉಳಿದದ್ದು ಕ್ಯಾಪ್ಟನ್ನನ ಕೈಯ ವಾಕಿಟಾಕಿ ಒಂದೇ. ಎಳೆದೊಯ್ಯಲು ಟಗ್ ದೋಣಿ ಹೊರಟಿತು. ಅದರ ರಾಡಾರಿನ ಮುಂದೆ ಕೂತಿದ್ದವನು ಅಳಿಯ. ತನ್ನ ತಗಡು ಹೇಗೆ ಕಾಣುತ್ತದೆ ನೋಡೋಣವೆಂದು ತಾನಾಗಿಯೇ ಹತ್ತಿದ್ದ.

"ಎಲ್ಲಿದ್ದೀರಿ ಸರ್?" ಎಂದಿತು ವಾಕಿಟಾಕಿ.

"ಇಲ್ಲೇ ಇದ್ದೀವಯ್ಯಾ!" ಎಂದ ಕ್ಯಾಪ್ಟನ್.

"ಇಲ್ಲೇ ಅಂದ್ರೆ ಎಲ್ಲಿ?"

"ಗೊತ್ತಿದ್ರೆ ನಿನ್ನ ಯಾಕೆ ಕರೀತಿದ್ದೆ?"

ಅಷ್ಟರಲ್ಲಿ ದೂರದಲ್ಲಿ ಸರಕಿನ ಹಡಗೊಂದು ಕೂಗಿತು. ಮಂಜಿನಲ್ಲಿ ದನಿ ಯಾವ ದಿಕ್ಕಿನದೆಂದು ತಿಳಿಯದು. ಮತ್ತೆ ಕೂಗಿತು, ಈ ಸಲ ಹತ್ತಿರದಲ್ಲಿ. ತಾನು ಕಟ್ಟಿದ ಹಡಗು ಎಷ್ಟು ಚೆನ್ನಾಗಿ ಅಡಗಿದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಗುದ್ದಿದ ಮೇಲೂ ಆ ಹಡಗಿನವರು ಏನೂ ಇರಲಿಲ್ಲ ಎಂದೇ ಹೇಳಿಯಾರು. ಕ್ಯಾಪ್ಟನ್ನನ ಕೈಯಿಂದ ವಾಕಿಟಾಕಿ ಕಿತ್ತುಕೊಂಡ.

"ತಗಡು ಶೆಡ್ಡಲ್ಲಿದೆ. ನಾನೇ ಬಿಚ್ಚಿಟ್ಟೆ" ಎಂದ.

ಆ ಕಡೆಯಿಂದ ಅಳಿಯನ ದನಿ ಬಂತು. "ಬೈಯೋದು ಆಮೇಲೆ ಬೈತೀನಿ ಮಾವ. ಅಡುಗೆಮನೆಗೆ ಓಡಿ. ಮೂರು ದೊಡ್ಡ ಸ್ಟೀಲ್ ಟ್ರೇ ತಗೊಳ್ಳಿ. ಒಂದು ನೆಲ, ಎರಡು ಗೋಡೆ ಅನ್ಕೊಂಡು ಮೂಲೆ ಮಾಡಿ ಕಟ್ಟಿ. ಒಂಚೂರು ಓರೆ ಆದ್ರೂ ನೀವು ನನಗೆ ಕಾಣಲ್ಲ."

ಮೇಸ್ತ್ರಿ ಮೂಲೆ ದುಂಡಗಿದ್ದ ಟ್ರೇ ತಂದ, ತಂತಿ ತಂದ, ಕಟ್ಟಿ ಮೇಲೇರಿಸಿದ. "ಏನೂ ಇಲ್ಲ ಮಾವ" ಎಂದ ಅಳಿಯ. ಇಳಿಸಿ ನೋಡಿದರೆ ಓರೆ! ಬಿಚ್ಚಿ ಮತ್ತೆ ಕಟ್ಟಿದ. ಮತ್ತೂ ಓರೆ. ವರ್ಷಗಟ್ಟಲೆ ಓರೆಯನ್ನೇ ಸಾಧಿಸಿದ ಕೈ, ನೆಟ್ಟಗೆ ಮಾಡು ಎಂದರೆ ಕೇಳುತ್ತದೆಯೇ? "ಥೂ ನಿನ್ನ!" ಎಂದು ತನ್ನ ಕೈಗೇ ಬೈದುಕೊಂಡ. ಅಳತೆ ನೋಡಲು ಒಂದು ನೆಟ್ಟನೆಯ ಮೂಲೆಗಾಗಿ ಹಡಗೆಲ್ಲ ತಡಕಾಡಿದ. ಎಲ್ಲಿದೆ? ಬಾಗಿಲು ಓರೆ, ಪೆಟ್ಟಿಗೆ ಓರೆ, ಕಿಟಕಿ ಓರೆ. ಎಲ್ಲ ಅವನದೇ ಘನಕಾರ್ಯ.

ಸರಕಿನ ಹಡಗು ಮತ್ತೆ ಕೂಗಿತು. ಮೊಮ್ಮಗಳನ್ನು ಒಂದು ಸಲವೂ ಎತ್ತಿಕೊಳ್ಳದೆ ಸಾಯುತ್ತೇನಲ್ಲಾ ಎಂದು ಮೇಸ್ತ್ರಿಗೆ ಅಳು ಬಂತು. ಕಣ್ಣೊರೆಸಲು ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಫೋಟೋ. ಕತ್ತರಿ ಸೋಕದ ಫೋಟೋ! ಕೂಸಿನ ಮುಷ್ಟಿಯಿದ್ದ ಮೂಲೆಯನ್ನು ಟ್ರೇಗಳ ಸಂದಿಗೆ ಒತ್ತಿ ಹಿಡಿದು, ಅದಕ್ಕೆ ಸರಿಯಾಗಿ ಒಂದೊಂದನ್ನೇ ಬಿಗಿದ. ಮೇಲೇರಿಸಿದ.

"ಬಂತು! ಮಾವ, ಕಾಣ್ತಾ ಇದೀರಿ! ಢಾಳಾಗಿ ಕಾಣ್ತಾ ಇದೀರಿ!" ಅಳಿಯ ಕಿರುಚಿದ. ಟಗ್ಗಿನವರು ಸರಕಿನ ಹಡಗಿಗೆ ಸುದ್ದಿ ಮುಟ್ಟಿಸಿದರು. ಅದು ಗೊಣಗುತ್ತ ಪಕ್ಕಕ್ಕೆ ಸರಿದುಹೋಯಿತು. ಅಲೆಗೆ ಹಡಗೆಲ್ಲ ತೊನೆದಾಡಿತು.

ದಡ ಸೇರಿದ ಮೇಲೆ ಕ್ಯಾಪ್ಟನ್ ಬೈದ, ಯಾರ್ಡಿನ ಸಾಹೇಬರು ಬೈದರು, ಹೆಂಡತಿ ಎಲ್ಲರಿಗಿಂತ ಚೆನ್ನಾಗಿ ಬೈದಳು. ಅಳಿಯ ಮಾತ್ರ ಬೈಯಲೇ ಇಲ್ಲ. "ನಡೀರಿ ಮಾವ, ಊಟಕ್ಕೆ ಹೊತ್ತಾಯ್ತು" ಎಂದ ಅಷ್ಟೇ.

ಮಗಳ ಮನೆ ಎಲ್ಲ ಮನೆಯಂತೆಯೇ ಇತ್ತು. ಚೌಕದ ಮೇಜು, ಚೌಕದ ಕಿಟಕಿ, ನೆಟ್ಟಗೆ ನಿಂತ ಬೀರು. ಹೊಸಿಲು ದಾಟಿದ ಮೇಸ್ತ್ರಿ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತುಬಿಟ್ಟ.

"ಕುರ್ಚಿ ಇದೆಯಲ್ಲಪ್ಪಾ" ಎಂದಳು ಮಗಳು.

"ಬೇಡ ಕಣಮ್ಮ" ಎಂದವನು ಹೋಗಿ ಎರಡು ಗೋಡೆ ಕೂಡುವ ಮೂಲೆಯಲ್ಲಿ ನೆಲದ ಮೇಲೆ ಕೂತ. ಬೆನ್ನನ್ನು ಸಂದಿಗೆ ಒತ್ತಿ, ಎರಡೂ ಕೈ ಚಾಚಿದ. ಆ ತುದಿಯಲ್ಲಿದ್ದ ಕೂಸು ಅವನನ್ನು ನೋಡಿತು.

"ಇಲ್ಲಿ ಕೂತ್ರೆ ತಾತ ಕಾಣ್ತಾನಾ ಪುಟ್ಟಾ?" ಎಂದು ಕೇಳಿದ. ಕೂಸು ಅಂಬೆಗಾಲಿಡುತ್ತ ನೇರವಾಗಿ ಅವನ ಕಡೆಗೇ ಬಂತು.