ಹುಡುಕುವ ಯಂತ್ರದ ರಬ್ಬರ್ ಬಳೆ

ದೇವರ ಸಾಮಾನು ತೊಳೆಯುವ ಹೊತ್ತಿಗೇ ನಾನು ಇನ್ನೊಂದು ಸಾಮಾನನ್ನೂ ತೊಳೆಯುತ್ತೇನೆ. ಮಣ್ಣಿನಲ್ಲಿ, ನೀರಿನಲ್ಲಿ ಬಿದ್ದ ಲೋಹವನ್ನು ಹುಡುಕುವ ಯಂತ್ರ ಅದು. ಉದ್ದನೆಯ ಕೋಲು, ತುದಿಗೆ ತಟ್ಟೆಯಂಥ ಚಕ್ರ, ಹಿಡಿಕೆಯ ಹತ್ತಿರ ಬ್ಯಾಟರಿ ಡಬ್ಬಿ. ನಮ್ಮ ಯಜಮಾನರಿಗೆ ರಾಣೇಬೆನ್ನೂರಿನಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ ಇದೆ. ಹೊಲಗಳಲ್ಲಿ ಹೂತುಹೋದ ಪೈಪು, ವಾಲ್ವು ಹುಡುಕಲೆಂದು ಇದನ್ನು ತಂದರು. ಆಮೇಲೆ ಹೊಳೆಯಲ್ಲಿ ಉಂಗುರ ಹೋಯಿತು, ಬೆಂಡೋಲೆ ಹೋಯಿತು ಎಂದು ಕುಮಾರಪಟ್ಟಣದ ಕಡೆಯಿಂದಲೂ ಜನ ಕರೆಯತೊಡಗಿದರು. ಸಿಕ್ಕರೆ ಕಾಯಿ ಒಡೆದು ಕೊಡುತ್ತಾರೆ, ಸಿಗದಿದ್ದರೆ ಚಹಾ ಕುಡಿಸಿ ಕಳಿಸುತ್ತಾರೆ.

ಡಬ್ಬಿಯ ಮುಚ್ಚಳದ ಕೆಳಗೆ ಕಪ್ಪು ರಬ್ಬರಿನ ಸಣ್ಣ ಬಳೆಯಿದೆ. ನೀರು ಒಳಗೆ ಹೋಗದಂತೆ ತಡೆಯುವುದು ಅದೊಂದೇ. ಅಂಗಡಿಯಿಂದ ಬರುವ ಅವರ ಕೈಗೆ ಸದಾ ತಾಮ್ರದ ಪುಡಿ ಅಂಟಿರುತ್ತದೆ, ಹಾಗಾಗಿ ಇದರ ಜೋಪಾನ ನನ್ನ ಪಾಲಿಗೆ ಬಂತು. ಹೊರಮೈಯ ನೀರನ್ನು ಪೂರ್ತಿ ಒರೆಸಿಯೇ ಮುಚ್ಚಳ ತೆಗೆಯಬೇಕು. ಬಳೆಯನ್ನು ಪಿನ್ನಿನಿಂದ ಚುಚ್ಚದೆ ಉಗುರಿನಿಂದ ಎಬ್ಬಿಸಬೇಕು. ಹಳೇ ಧೋತರದ ತುಂಡಿನಿಂದ ಒರೆಸಿ, ಬೆಳಕಿಗೆ ಹಿಡಿದು, ಒಂದು ಕೂದಲು, ಒಂದು ಮರಳಿನ ಕಾಳು ಇಲ್ಲವೆಂದು ನೋಡಬೇಕು. ಆಮೇಲೆ ಸಿಲಿಕೋನ್ ಗ್ರೀಸನ್ನು ಒಡೆದ ತುಟಿಗೆ ತುಪ್ಪ ಸವರಿದಷ್ಟೇ ಸವರಬೇಕು. ಮೊದಲ ಸಲ ನಾನು ಕೊಬ್ಬರಿ ಎಣ್ಣೆ ತಂದಾಗ ಅವರು, "ಏ, ಅದೇನ್ ನಿನ್ನ ತಲಿ ಅಂತ ತಿಳದೀಯೇನ? ರಬ್ಬರ್ ಉಬ್ಬತೈತಿ" ಎಂದಿದ್ದರು. ಕೆಲಸವಿಲ್ಲದಾಗ ಮುಚ್ಚಳ ಬಿಗಿಯುವಂತಿಲ್ಲ, ಬಳೆ ಒತ್ತಿ ಚಪ್ಪಟೆಯಾಗುತ್ತದೆ.

ಆ ಮಹಾನವಮಿಗೆ ನಾನು ಮನೆಯಲ್ಲಿರಲಿಲ್ಲ. ತಾಯಿಗೆ ಮೈ ನೆಟ್ಟಗಿಲ್ಲವೆಂದು ಬ್ಯಾಡಗಿಗೆ, ತವರಿಗೆ ಹೋಗಿದ್ದೆ. ಆಯುಧಪೂಜೆಯನ್ನು ಅತ್ತೆಯವರೇ ಮಾಡಿದರು.

ಹಬ್ಬ ಮುಗಿದ ಸೋಮವಾರ ನಾದಿನಿಯ ಫೋನು ಬಂತು. ಅವಳನ್ನು ಗುತ್ತಲದ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಗಂಡ ಲಿವರ್ ಕೆಟ್ಟು ಹಾವೇರಿಯ ಆಸ್ಪತ್ರೆಯಲ್ಲಿದ್ದ. ಅವನು ಉಳಿಯಲೆಂದು ಹರಕೆ ಹೊತ್ತು ಪ್ರತಿ ಸೋಮವಾರ ತುಂಗಭದ್ರೆಯಲ್ಲಿ ಮುಳುಗುತ್ತಿದ್ದಳು.

"ವೈನಿ, ದಾರ ಹರಿದು ತಾಳಿ ಹೊಳ್ಯಾಗ ಹೋತು. ನಮ್ಮತ್ತಿಗೆ ಗೊತ್ತಾದ್ರ, ನನ್ನ ಮಗನ್ನ ನೀನ ಹೊಳಿಗೆ ಹಾಕಿದಿ ಅಂತಾಳ. ಅಣ್ಣಗ ಲಗೂ ಬಾ ಅನ್ರಿ."

ಅವರು ರಾಣೇಬೆನ್ನೂರಿನಿಂದ ಯಂತ್ರ ಕಟ್ಟಿಕೊಂಡು ಬೈಕಿನಲ್ಲಿ ಹೊರಟರು. ನಾನು ಮೋಟೆಬೆನ್ನೂರಿನ ಮೇಲೆ ಹಾವೇರಿಗೆ ಬಂದು ಗುತ್ತಲದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಶಿವನಾಮ ಬಿಟ್ಟರೆ ಬೇರೆ ಮಾತು ಬಾಯಿಗೆ ಬರಲಿಲ್ಲ.

ನಾನು ದಂಡೆ ಮುಟ್ಟಿದಾಗ ಅವರು ಸೊಂಟಮಟ್ಟ ನೀರಿನಲ್ಲಿದ್ದರು. ಹೊಳೆ ಕೆಂಪಗಿತ್ತು, ಸೆಳವೂ ಇತ್ತು. ನಾದಿನಿ ಒದ್ದೆ ಸೀರೆಯಲ್ಲೇ ದಂಡೆಯ ಮೇಲೆ ನಿಂತಿದ್ದಳು. ಚಕ್ರದೊಂದಿಗೆ ಡಬ್ಬಿಯೂ ಮುಳುಗುವಷ್ಟು ಅವರು ಬಗ್ಗಿದಾಗ ಯಂತ್ರ ಕೂಗಿತು. ಸಣ್ಣಗೆ, ಸ್ಪಷ್ಟವಾಗಿ.

"ಅಲ್ಲೇ ಅಣ್ಣಾ, ಅಲ್ಲೇ!"

ಇನ್ನೂ ಜಾಗ ಹಿಡಿಯುವಷ್ಟರಲ್ಲಿ ಕೂಗು ಕಟ್ಟಿತು. ಒಮ್ಮೆ ಗೊರಗೊರ ಎಂದು ಸುಮ್ಮನಾಯಿತು. ಡಬ್ಬಿಯೊಳಗೆ ನೀರು ಹೊಕ್ಕಿತ್ತು. ಅವರು ಯಂತ್ರವನ್ನು ನನ್ನ ಕೈಗೆ ಕೊಟ್ಟು, ಕತ್ತಲಾಗುವವರೆಗೂ ಕೈಯಿಂದ ಮರಳು ಬಾಚಿದರು. ಕೂಗಿದ್ದು ತಾಳಿಗೋ, ಯಾರೋ ಹೊಳೆಗೆ ಒಗೆದ ನಾಣ್ಯಕ್ಕೋ, ಇವತ್ತಿಗೂ ನಮಗೆ ಗೊತ್ತಿಲ್ಲ.

ಗುತ್ತಲದಲ್ಲಿ ಅಂಗಡಿ ಮುಚ್ಚುವ ಮುಂಚೆ ಅರಿಶಿನದ ಕೊಂಬು, ದಾರ ಕೊಂಡೆ. ಮಾರನೆಯ ದಿನ ಆಸ್ಪತ್ರೆಯಲ್ಲಿ ನಾದಿನಿ ಅದನ್ನು ಗಂಡನ ಕೈಗೆ ಕೊಟ್ಟಳು. ಅವನ ಕಣ್ಣು ಕೊಂಬಿನಷ್ಟೇ ಹಳದಿಯಾಗಿತ್ತು.

"ಮತ್ತ ಮದಿವಿ ಮಾಡ್ಕೋಬೇಕೇನ ನಿನ್ನ? ಒಮ್ಮೆ ಆಗಿದ್ದ ಸಾಕಾಗೇತಿ ನನಗ," ಎಂದ.

ಅವಳು ನಗಲಿಲ್ಲ. "ಸುಮ್ನ ಕಟ್ರಿ" ಎಂದು ಹಾಸಿಗೆಯ ಮೇಲೆ ಬಗ್ಗಿದಳು. ಗಂಟನ್ನು ಅವನೇ ಹಾಕಿದ, ಬೇರೆಯವರ ಕೈ ತಾಗಗೊಡಲಿಲ್ಲ.

ಮನೆಗೆ ಬಂದು ಮುಚ್ಚಳ ತೆಗೆದೆ. ಬಳೆ ಕೂರುವ ತೋಡಿನ ತುಂಬ ಬೆಳ್ಳಗೆ ಕೆಸರು. ಬೆರಳಿಗೆ ಹತ್ತಿಸಿ ಮೂಸಿದೆ. ವಿಭೂತಿ. ಹೊಳೆಗೆ ಹೊರಡುವ ಅವಸರದಲ್ಲಿ ನಮ್ಮವರು ಬ್ಯಾಟರಿ ಹಾಕಿ ಹಾಗೆಯೇ ಬಿಗಿದಿದ್ದರು. ಅತ್ತೆ ಪಕ್ಕದಲ್ಲೇ ಕೂತಿದ್ದರು.

"ನೀರು ಹೆಂಗ ಹೊಕ್ತವಾ? ನಾ ಮುಚ್ಚಳ ತಗದು ಒಳಗೂ ವಿಭೂತಿ ಹಚ್ಚಿದ್ದೆ. ಜೀವ ಇರೋದು ಒಳಗ ಅಲ್ಲೇನ? ಆದ್ರೂ ಕೈಬಿಟ್ಟ ನೋಡು ಶಿವ."

ನಾನು ಬೆರಳನ್ನು ಸೆರಗಿಗೆ ಒರೆಸಿಕೊಂಡೆ. "ರಬ್ಬರ್ ಹಳೇದಾಗಿತ್ರಿ ಅತ್ತಿ," ಎಂದೆ. ಬಾಗಿಲಲ್ಲಿ ನಿಂತಿದ್ದ ನಮ್ಮವರು ನನ್ನ ಸೆರಗನ್ನು ನೋಡಿದರು. "ಹೌದವ್ವಾ, ಹಳೇದಾಗಿತ್ತು," ಎಂದು ಹಿತ್ತಲಿಗೆ ಹೋದರು. ಭಗವಂತನ ಬೂದಿಯೇ ನೀರಿಗೆ ದಾರಿ ಬಿಟ್ಟಿತೆಂದು ಆ ಮುದುಕಿಗೆ ಹೇಳುವುದಕ್ಕಿಂತ ಸುಳ್ಳು ಹೇಳಿದ್ದು ಲೇಸೆಂದು ನನಗೆ ಈಗಲೂ ಅನಿಸುತ್ತದೆ. ಶಿವ ಒಪ್ಪುತ್ತಾನೋ ಇಲ್ಲವೋ.

ಚಳಿಗಾಲ ಮುಗಿಯುವ ಮುಂಚೆ ನಾದಿನಿಯ ಗಂಡ ಹೋದ. ತಾಳಿ ಹೊಳೆಯ ಪಾಲಾದಾಗಲೇ ತಿಳಿದಿತ್ತು ಎಂದು ಮಣ್ಣಿಗೆ ಬಂದ ಹೆಂಗಸರು ಅವಳಿಗೆ ಕೇಳುವಂತೆಯೇ ಅಂದರು. ಹಬ್ಬಕ್ಕೆ ಮುಂಚೆಯೇ ಡಾಕ್ಟರು ಆಸೆ ಬಿಡಿ ಎಂದದ್ದು ನನಗೂ ನಮ್ಮವರಿಗೂ ಮಾತ್ರ ಗೊತ್ತಿತ್ತು. ಅವನು ಬಹಳ ನರಳಲಿಲ್ಲ. ಕೊನೆಯ ಗಂಟನ್ನು ತನ್ನ ಕೈಯಿಂದಲೇ ಹಾಕಿ ಹೋದ. ಇಷ್ಟನ್ನು ಶಿವ ಕೊಟ್ಟ ಎಂದು ದಿನಾ ದೀಪ ಹಚ್ಚುವಾಗ ನೆನೆಯುತ್ತೇನೆ. ನೆನೆದರೂ ಎದೆ ಹಗುರಾಗುವುದಿಲ್ಲ.

ಬೇಸಿಗೆಗೆ ಹೊಳೆ ಇಳಿಯಿತು. ಅಷ್ಟರಲ್ಲಿ ಅವರು ಯಂತ್ರ ರಿಪೇರಿ ಮಾಡಿಸಿದ್ದರು, ನಾನು ಹೊಸ ಬಳೆ ಕೂರಿಸಿದ್ದೆ. ಒಂದು ಮುಂಜಾನೆ ತಂಗಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟರು.

"ತಂಗೀ, ನೀರು ಇಳದೈತಿ. ಅದು ಕೂಗಿದ ಜಾಗ ನನಗ ನೆನಪೈತಿ. ನಾಳೆ ಬರ್ತೀನಿ."



"ಬ್ಯಾಡಣ್ಣಾ. ಈಗ ಸಿಕ್ರ ಅದನ್ನ ನಾ ಎಲ್ಲಿ ಹಾಕ್ಕೊಳ್ಲಿ?"

ಗೋಡೆಗೊರಗಿದ್ದ ಅತ್ತೆ ಕಣ್ಣು ಮುಚ್ಚಿಕೊಂಡೇ ಮಗನಿಗೆ ಅಂದರು:

"ಉಂಡಾಳೇನು ಕೇಳು ಆಕೀನ."